ಒಂದು ಪಾಳು ಗುಡಿಯ ನಕ್ಷೆ ಬರೆಯಲು ಹೋಗಿ ಮಳೆಗಾಲವೇ ಕಳೆಯಿತು

ಮೊನ್ನೆ ಭಾನುವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಆಟ ಮುಗಿಯಿತು. ಊಟದ ಟೇಬಲ್ ಮೇಲೆ ಹಾಸಿದ್ದ ನಕ್ಷೆಯನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬೀರುವಿನ ಮೇಲೆ ಇಟ್ಟೆ. ಆ ನಕ್ಷೆಗೆ ಕೈ ಹಾಕಿದ್ದು ಆರಿದ್ರಾ ಮಳೆ ಹಿಡಿದ ವಾರ. ಕೈ ತೊಳೆದುಕೊಂಡಿದ್ದು ಉತ್ತರಾ ಮಳೆಯಲ್ಲಿ. ನಾನು ಅಂದುಕೊಂಡಿದ್ದು ಎರಡು ವಾರ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ನಾವು ಆರು ಜನ ತಿಂಗಳಿಗೆ ಎರಡು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಗೊತ್ತಿಲ್ಲದವರಿಗೆ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ಏನಾಯ್ತು ಅನ್ನೋದನ್ನು ದಾಳ ಹೇಳುತ್ತದೆ. ಹೊಡೆದಾಟ ಬಂದಾಗ ಯಾರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗಲು ಚೌಕಳಿ ಇರುವ ನಕ್ಷೆ ಬೇಕು. ಕಥೆ ನಡೆಸುವ ಗೆಳೆಯ ಈ ಸಲ ನಮ್ಮನ್ನು ಮಲೆನಾಡಿನಂಥ ಒಂದು ಕಾಡಿಗೆ ತಂದು ಬಿಟ್ಟಿದ್ದ. "ಕಾಡು ನುಂಗಿದ ಒಂದು ಗುಡಿ ಬೇಕು ಮಾರಾಯ. ನೋಡಿದ ಕೂಡಲೇ ಮೈ ಜುಂ ಅನ್ನಬೇಕು. ನೀನು ಚಿತ್ರ ಬರೀತೀಯಲ್ಲ" ಅಂದ. ನಾನು ಹೂಂ ಅಂದೆ. ರೆಡಿಮೇಡ್ ನಕ್ಷೆಗಳನ್ನು ಹುಡುಕಿದೆ. ನನಗೆ ಸಿಕ್ಕ ಗುಡಿಗಳೆಲ್ಲ ಒಂದೋ ಗ್ರೀಕ್ ಕಂಬದವು, ಇಲ್ಲಾ ಅಂಕೋರ್ ವಾಟ್ ಥರದವು. ನವರಂಗ (ಒಳಗಿನ ಕಂಬದ ಮಂಟಪ), ಸುಕನಾಸಿ (ಗರ್ಭಗುಡಿಯ ಮುಂದಿನ ಚಿಕ್ಕ ಅಂಕಣ) ಇರುವ ನಮ್ಮ ಕಡೆಯ ಗುಡಿ ಒಂದೂ ಸಿಗಲಿಲ್ಲ. ಸರಿ, ನಾನೇ ಬರೀತೀನಿ ಅಂತ ಕೂತೆ.

ಮೊದಲ ತಪ್ಪು ಅಲ್ಲೇ ಆಯಿತು. ಸೀದಾ ಲ್ಯಾಪ್‌ಟಾಪ್ ತೆರೆದೆ. ಕ್ರಿತಾ ಅಂತ ಒಂದು ತಂತ್ರಾಂಶ ಇದೆ, ಪೂರ್ತಿ ಉಚಿತ, ಚಿತ್ರ ಬರೆಯೋದಕ್ಕೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಕಡು ಹಸಿರು ಬಳಿದೆ, ಅದರ ಮೇಲೆ ಬೇರು, ಬೇರಿನ ಮೇಲೆ ಬಳ್ಳಿ, ಎಲ್ಲದರ ಮೇಲೆ ಮಂಜು. ನಾಲ್ಕು ರಾತ್ರಿ ಕೂತು ಬರೆದು ಗೆಳೆಯನಿಗೆ ಕಳಿಸಿದೆ. "ಸಖತ್ತಾಗಿದೆ" ಅಂತ ಬಂತು. ಎರಡು ನಿಮಿಷ ಬಿಟ್ಟು ಇನ್ನೊಂದು: "ಬಾಗಿಲು ಎಲ್ಲಿ?"

ಬಾಗಿಲು ನನಗೂ ಸಿಗಲಿಲ್ಲ. ನಾನು ಬರೆದಿದ್ದು ಹಸಿರು ಬಣ್ಣದ ಒಂದು ಗೋಜಲು. ಅದರಲ್ಲಿ ಗುಡಿ ಇತ್ತು ಅಂತ ನನಗೆ ಗೊತ್ತಿತ್ತು, ಅಷ್ಟೇ. ಆ ಫೈಲ್ ಇನ್ನೂ ಇದೆ, ಬೇಜಾರಾದಾಗ ತೆಗೆದು ನೋಡುತ್ತೇನೆ.

ಆಮೇಲೆ ಹೊಳೆದದ್ದು ಇದು. ಪಾಳು ಗುಡಿ ಬರೆಯಬೇಕಾದರೆ ಮೊದಲು ಪಾಳಲ್ಲದ ಗುಡಿ ಬರೆಯಬೇಕು. ಇಡೀ ಗುಡಿ ಕಟ್ಟಿ, ಪೂಜೆ ನಡೆಯುವ ಸ್ಥಿತಿಗೆ ತಂದು, ಆಮೇಲೆ ಕೆಡವಬೇಕು. ಕೆಡವೋದೂ ನಮ್ಮ ಇಷ್ಟದ ಹಾಗಲ್ಲ. ಮಳೆ, ಬೇರು, ಬೆಳಕು ಹೇಗೆ ಕೆಡವುತ್ತವೋ ಹಾಗೆ.

ಅದಕ್ಕೆ ನಿಜವಾದ ಗುಡಿ ನೋಡಬೇಕಿತ್ತು. ಒಂದು ಶನಿವಾರ ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಇಳಿದೆ. ಅಲ್ಲಿಂದ ಇಕ್ಕೇರಿ ಹತ್ತಿರವೇ, ಆಟೋ ಸಿಗುತ್ತದೆ. ಅಘೋರೇಶ್ವರ ಗುಡಿಗೆ ಚಿಕ್ಕಂದಿನಿಂದ ಹತ್ತು ಸಲ ಹೋಗಿದ್ದೇನೆ, ಒಂದು ಸಲವೂ ಅಳತೆ ನೋಡಿರಲಿಲ್ಲ. ಈ ಸಲ ಗ್ರಾಫ್ ಪುಸ್ತಕ ಹಿಡಿದು ಹೆಜ್ಜೆ ಎಣಿಸಿದೆ. ಕಾವಲಿನವರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ "ಎಂಜಿನಿಯರಾ?" ಅಂತ ಕೇಳಿದರು. ಆಟಕ್ಕೆ ಅಂತ ಹೇಳಲು ನಾಚಿಕೆಯಾಯಿತು, ಹೂಂ ಅಂದುಬಿಟ್ಟೆ.

ಇಕ್ಕೇರಿಯ ಬಗ್ಗೆ ಹಳೆ ಗೆಜೆಟಿಯರ್‌ನಲ್ಲಿ ಒಂದು ಮಾತಿದೆ. ಆ ಗುಡಿಯ ನಡುಗಂಬಗಳ ನಡುವಿನ ಅಂತರವನ್ನೇ ತೋಟದ ಜಮೀನು ಅಳೆಯುವ ಅಳತೆಯಾಗಿ ಇಟ್ಟುಕೊಂಡಿದ್ದರಂತೆ, 18 ಅಡಿ 6 ಅಂಗುಲ. ಅಡಿಕೆ ತೋಟ ಇರುವ ಮನೆಯವನಾಗಿ ಇದು ನನಗೆ ಬಹಳ ಖುಷಿ ಕೊಟ್ಟಿತು. ನಮ್ಮ ಆಟದಲ್ಲಿ ನಕ್ಷೆಯ ಒಂದು ಚೌಕ ಅಂದರೆ 5 ಅಡಿ. ಅಂದರೆ ನಡುವಿನ ಅಂಕಣ ಹತ್ತಿರ ಹತ್ತಿರ ನಾಲ್ಕು ಚೌಕ. ನನ್ನ ಇಡೀ ಗುಡಿಯ ಅಳತೆ ಅಲ್ಲಿಂದ ಶುರುವಾಯಿತು. ನವರಂಗದ ನಡು ಅಂಕಣ 4 ಚೌಕ, ಗರ್ಭಗುಡಿ 3, ನಂದಿ ಮಂಟಪ ಬೇರೆಯಾಗಿ ಎದುರಿಗೆ. ಇಡೀ ನಕ್ಷೆ 40 ಚೌಕ ಉದ್ದ, 30 ಅಗಲ. 200 ಅಡಿಗೆ 150 ಅಡಿ ಜಾಗ. ಪ್ರಾಕಾರ, ಕಲ್ಯಾಣಿ, ಸುತ್ತ ಒಂದಿಷ್ಟು ಕಾಡು ಇದರಲ್ಲಿ ಸಲೀಸಾಗಿ ಕೂರುತ್ತವೆ.

ಇಲ್ಲಿ ಒಂದು ಮಾತು, ನೀವೂ ಬರೆಯುವುದಾದರೆ ನೆನಪಿಡಿ. ನಿಜವಾದ ಗರ್ಭಗುಡಿಯ ಬಾಗಿಲು ಕಿರಿದು, ಒಬ್ಬರು ಹೋಗುವಷ್ಟು. ಅದನ್ನು ಹಾಗೇ ಬರೆದರೆ ಅರ್ಧ ಚೌಕ ಆಗುತ್ತದೆ, ಆಟದಲ್ಲಿ ಪ್ರತಿ ಸಲ ಜಗಳ. ಹಾಗಾಗಿ ಎಲ್ಲ ಬಾಗಿಲನ್ನೂ ಒಂದು ಚೌಕಕ್ಕೆ ಹಿಗ್ಗಿಸಿದೆ. ಕಂಬಗಳನ್ನು ಚೌಕದ ಒಳಗೆ ಇಡಬೇಡಿ, ಗೆರೆಗಳು ಕೂಡುವ ಮೂಲೆಯಲ್ಲಿ ಇಡಿ. ಆಗ ಕಂಬವೂ ಇರುತ್ತದೆ, ನಿಲ್ಲಲು ಚೌಕವೂ ಉಳಿಯುತ್ತದೆ. ಇದು ನನಗೆ ಗೊತ್ತಾಗಿದ್ದು ಹದಿನಾರು ಕಂಬ ಬರೆದ ಮೇಲೆ.

ಇಕ್ಕೇರಿ ಚೆನ್ನಾಗಿ ಉಳಿದಿರುವ ಗುಡಿ. ಅಲ್ಲಿ ಕಟ್ಟಡ ಸಿಕ್ಕಿತು, ಪಾಳು ಸಿಗಲಿಲ್ಲ. ಪಾಳಿಗೆ ಕವಲೇದುರ್ಗದ ಕೋಟೆಗೆ ಹೋಗಬೇಕು ಅಂತ ತೀರ್ಥಹಳ್ಳಿ ಹತ್ತಿರದ ದೊಡ್ಡಪ್ಪನ ಮನೆಗೆ ಹೋದೆ. ಆಗ ಪುಷ್ಯ ಮಳೆ. "ಈ ಮಳೇಲಿ ಕೋಟೆಗೆ ಎಂತಕ್ಕಾ? ತಲೆ ಸರಿ ಉಂಟಾ?" ಅಂದರು ಆ ಮನೆಯಲ್ಲಿದ್ದ ಅತ್ತೆ. ಮೂರು ದಿನ ಕಾದೆವು. ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ನಾಲ್ಕನೇ ದಿನ ಸ್ವಲ್ಪ ಹೊಳವಾಯಿತು, ದೊಡ್ಡಪ್ಪನ ಮಗನ ಬೈಕ್ ಹತ್ತಿ ಹೊರಟೆವು.

ಮಳೆಗಾಲದಲ್ಲಿ ಹೋಗುವವರಿಗೆ: ಹತ್ತುವ ದಾರಿಯ ಹಾಸುಗಲ್ಲು ಪಾಚಿ ಹಿಡಿದು ಎಣ್ಣೆ ಸುರಿದ ಹಾಗೆ ಜಾರುತ್ತದೆ. ಹಳೆ ಚಪ್ಪಲಿ ಬೇಡವೇ ಬೇಡ. ಇಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪು, ಸುಣ್ಣ ಕಾಲಿಗೆ ತಿಕ್ಕಿಕೊಂಡು ಹೋಗಿದ್ದೆವು, ಆದರೂ ಇಳಿದ ಮೇಲೆ ನನ್ನ ಕಾಲಲ್ಲಿ ಐದು ಸಿಕ್ಕವು. ದೊಡ್ಡಪ್ಪನ ಮಗ ತನ್ನ ಗೆಳೆಯನ ಡ್ರೋನ್ ತಂದಿದ್ದ, ಮೇಲಿಂದ ಫೋಟೋ ತೆಗೆದರೆ ನಕ್ಷೆಗೆ ಸುಲಭ ಅಂತ. ಐಡಿಯಾ ಒಳ್ಳೆಯದೇ. ಆದರೆ ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಅರ್ಜಿ ಹಾಕಿ ಕಾಯುವಷ್ಟು ಪುರುಸೊತ್ತು ನಮಗೂ ಇರಲಿಲ್ಲ. ಡ್ರೋನ್ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಫೋನಿನಲ್ಲಿ ತೆಗೆದ ಫೋಟೋಗಳೇ ಸಾಕಾದವು.

ಕವಲೇದುರ್ಗ ಕೆಳದಿ ನಾಯಕರ ಕೋಟೆ. ಒಂದರೊಳಗೊಂದು ಮೂರು ಸುತ್ತು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ ಮೇಲೆ ಆ ಸಂಸ್ಥಾನವೇ ಮುಗಿಯಿತು. ಹತ್ತಿರ ಹತ್ತಿರ 260 ವರ್ಷದ ಮಳೆ. ಅಷ್ಟು ಮಳೆಯಲ್ಲಿ ಕಲ್ಲಿಗೆ ಏನಾಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆ ಜಾಗ ಬೇಡ.

ಒಂದು ಗೋಡೆಯ ಮೂಲೆಯಲ್ಲಿ ಅರ್ಧ ಗಂಟೆ ಕೂತೆ. ಬಸರಿ ಜಾತಿಯ ಒಂದು ಗಿಡ ಗೋಡೆಯ ಮೇಲೆಯೇ ಹುಟ್ಟಿತ್ತು. ಗೋಡೆಯ ಮೇಲಿನ ಇಂಥವು ನೆಲದಿಂದ ಮೇಲೆ ಬಂದವಲ್ಲ. ಪಿಕಳಾರವೋ ಮಂಗಟ್ಟೆಯೋ ಯಾವುದೋ ಹಕ್ಕಿ ಹಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತದೆ, ಸಂದಿಯಲ್ಲಿ ಬೀಜ ಮೊಳೆಯುತ್ತದೆ, ಬೇರು ಮಣ್ಣು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಕಲ್ಲಿನ ಸಂದಿಯ ಒಳಗೆ ಆ ಬೇರು ರಿಬ್ಬನ್ ಥರ ಚಪ್ಪಟೆ. ಸಂದಿಯಿಂದ ಹೊರಬಂದ ಕೂಡಲೇ ಒನಕೆಯಷ್ಟು ಗುಂಡಗೆ. ಮುಂದಿನ ಸಂದಿ ಸಿಕ್ಕಿತೋ, ಮತ್ತೆ ಚಪ್ಪಟೆ. ಒಂದು ಕಡೆ ಕಲ್ಲನ್ನು ಎರಡು ಬೆರಳಷ್ಟು ಮುಂದೆ ತಳ್ಳಿ, ಅದೇ ಕಲ್ಲು ಬೀಳದ ಹಾಗೆ ತಾನೇ ಹಿಡಿದುಕೊಂಡಿತ್ತು. ನನ್ನ ಮೊದಲ ನಕ್ಷೆಯಲ್ಲಿ ಬೇರುಗಳೆಲ್ಲ ಹಾವಿನ ಹಾಗೆ ಸುಮ್ನೆ ಅಂಗಳದ ತುಂಬ ಹರಿದಾಡಿದ್ದವು. ಇಲ್ಲಿ ನೋಡಿದರೆ ಒಂದೊಂದು ಬೇರಿಗೂ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ ಅಂತ ಲೆಕ್ಕ ಇದೆ.

ಪಾಚಿಯದೂ ಅಷ್ಟೇ. ನೀರು ಧಾರೆಯಾಗಿ ಸುರಿಯುವ ಜಾಗದಲ್ಲಿ ಕಲ್ಲು ಬೋಳು. ನೀರು ಜಿನುಗುವ ಕಡೆ ದಪ್ಪ ಪಾಚಿ, ಅದರಲ್ಲಿ ಜರಿಗಿಡ. ಮತ್ತೆ ಮಳೆಯ ಇರಚಲು ಬಡಿಯುವ ಪಡುವಣ ಗೋಡೆ ಕಪ್ಪು ಹಸಿರು, ಮೂಡಣ ಗೋಡೆ ಬೂದು. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ದಿನಾ ನೋಡುವ ಗೋಡೆ, ಆದರೂ ನಕ್ಷೆಯಲ್ಲಿ ನಾಲ್ಕೂ ಕಡೆ ಒಂದೇ ಹಸಿರು ಬಳಿದಿದ್ದೆ.

ಆ ರಾತ್ರಿ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಕೂತೆ. ದೊಡ್ಡಪ್ಪ ಕವಳ ಹಾಕಿಕೊಳ್ಳುತ್ತಾ ಬಂದು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ.

"ಇದು ಎಂತದು?"

"ಗರ್ಭಗುಡಿ ದೊಡ್ಡಪ್ಪ. ಪೂರ್ವಕ್ಕೆ ಮುಖ."

"ಅಭಿಷೇಕದ ನೀರು ಎತ್ಲಾಗೆ ಹೋಗ್ತದೆ?"

ದಕ್ಷಿಣಕ್ಕೆ ತೋರಿಸಿದೆ. ಕಲ್ಯಾಣಿ ಆ ಕಡೆ ಇತ್ತು, ನೀರು ಅಲ್ಲಿಗೆ ಹೋಗಲಿ ಅಂತ. ದೊಡ್ಡಪ್ಪ ನಕ್ಕರು. "ಸೋಮಸೂತ್ರ ಬಡಗು ದಿಕ್ಕಿಗೆ ಇರೋದು ಮಾರಾಯ. ದೇವಸ್ಥಾನಕ್ಕೆ ಸುತ್ತು ಬರುವಾಗ ನೋಡಿಲ್ವಾ ನೀನು?" ನೋಡಿದ್ದೇನೆ, ತಲೆಗೆ ಹೋಗಿರಲಿಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಗುಡಿಯಲ್ಲಿ ಅದು ಉತ್ತರದ ಗೋಡೆಯಲ್ಲಿ ಇರುತ್ತದೆ. ಹಾಗಂತ ಎಲ್ಲ ಗುಡಿಯೂ ಪೂರ್ವಕ್ಕೇ ಮುಖ ಮಾಡಬೇಕು ಅಂತಿಲ್ಲ, ಇಕ್ಕೇರಿಯ ಗುಡಿಯೇ ಉತ್ತರಕ್ಕೆ ನೋಡುತ್ತದೆ. ನನ್ನದನ್ನು ಪೂರ್ವಕ್ಕೇ ಬಿಟ್ಟು, ಕಲ್ಯಾಣಿಯನ್ನು ಎತ್ತಿ ಬಡಗು ಕಡೆಗೆ ಹಾಕಿದೆ. ಅದು ಹೋದ ಕೂಡಲೇ ಇಳಿಜಾರು ಬದಲಾಯಿತು, ಇಳಿಜಾರಿನ ಜೊತೆ ದಾರಿಯೂ ಬದಲಾಯಿತು. ಒಂದು ಸಂಜೆ ಪೂರ್ತಿ ಹೋಯಿತು. ಆದರೆ ಆ ಸಂಜೆಯಿಂದ ನಕ್ಷೆ ಒಂದು ಜಾಗ ಅನ್ನಿಸತೊಡಗಿತು.

ಅವರದ್ದೇ ಇನ್ನೊಂದು ಪ್ರಶ್ನೆ ಅದಕ್ಕಿಂತ ದೊಡ್ಡದು. ನಾನು ಗರ್ಭಗುಡಿಯ ಒಳಗೂ ಬಳ್ಳಿ, ಗಿಡ ತುಂಬಿಸಿದ್ದೆ. "ಮೇಲೆ ಮಾಡು ಉಂಟಾ?" ಮಾಡು ಅಂದರೆ ಚಾವಣಿ. ಉಂಟು ಅಂದೆ. "ಮತ್ತೆ ಬೆಳಕು ಬೀಳದೆ ಗಿಡ ಹ್ಯಾಂಗೆ ಬಂತು?"

ಇಡೀ ನಕ್ಷೆ ಬಗೆಹರಿದದ್ದು ಆ ಒಂದು ಪ್ರಶ್ನೆಯಿಂದ. ಮುಖಮಂಟಪದ ಮಾಡು ಬಿದ್ದಿದೆ ಅಂತ ಇಟ್ಟುಕೊಂಡೆ. ಬಸರಿ ಬೇರು ತೊಲೆಯನ್ನು ಎತ್ತಿತು, ತೊಲೆಯ ಮೇಲಿನ ಚಪ್ಪಡಿ ನಡುವೆ ಮುರಿದು ಕೆಳಗೆ ಬಂತು. ಅಲ್ಲಿ ಬಿಸಿಲು ಬೀಳುತ್ತದೆ, ಹಾಗಾಗಿ ಹುಲ್ಲು, ಕೇದಗೆ ಪೊದೆ, ಎಳೆ ಬೈನೆ ಗಿಡ ಅಲ್ಲೇ. ನವರಂಗದಲ್ಲಿ ಅರ್ಧ ಬೆಳಕು, ಅಲ್ಲಿ ಪಾಚಿ ಮತ್ತು ಜರಿ ಮಾತ್ರ. ಸುಕನಾಸಿ ದಾಟಿದರೆ ಬರೀ ಕಲ್ಲು, ಕತ್ತಲೆ, ಬಾವಲಿ ಹಿಕ್ಕೆ. ಮೇಲಿಂದ ನೋಡುವ ನಕ್ಷೆಯಲ್ಲಿ ಇನ್ನೊಂದು ತಲೆನೋವು ಇತ್ತು. ಮಾಡು ಬರೆದರೆ ಒಳಗಿನದು ಕಾಣದು, ಬರೆಯದಿದ್ದರೆ ಗುಡಿ ಅಂತ ಅನ್ನಿಸದು. ಮಾಡು ಅರ್ಧ ಬಿದ್ದಿದ್ದು ಅದಕ್ಕೂ ಔಷಧಿಯಾಯಿತು. ಉಳಿದ ಅರ್ಧವನ್ನು ಬೇರೆ ಲೇಯರ್‌ನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯ ಥರದ್ದು) ಇಟ್ಟೆ. ಆಟದಲ್ಲಿ ಅದನ್ನು ಒಂದು ಚೂರು ಹಾಳೆಯಾಗಿ ಮೇಲೆ ಇಟ್ಟು, ಯಾರಾದರೂ ಒಳಗೆ ಹೋದಾಗ ಎತ್ತುವುದು.

ಅತ್ತೆಯ ತಕರಾರು ಬೇರೆಯೇ. ಗೆಳೆಯ ಗರ್ಭಗುಡಿಯಲ್ಲಿ ಒಂದು ರಾಕ್ಷಸ ಬೇಕು ಅಂದಿದ್ದ, ನಾನು ಪೀಠದ ಮೇಲೆ ಅದರ ಗುರುತು ಹಾಕಿದ್ದೆ. ಅತ್ತೆ ಕಾಫಿ ಕೊಡಲು ಬಂದವರು ಲೋಟ ಇಡದೆ ನಿಂತರು. "ಆಟ ಅಂತ ದೇವರ ಜಾಗದಾಗೆ ಅದನ್ನ ಕೂರಿಸ್ತೀಯಾ?" ಅಷ್ಟೇ ಕೇಳಿದ್ದು. ನಾನು ಅಂಥ ದೈವಭಕ್ತ ಏನಲ್ಲ. ಆದರೂ ಅವತ್ತು ನಿದ್ದೆ ಸರಿ ಬರಲಿಲ್ಲ. ಬೆಳಿಗ್ಗೆ ಎದ್ದು ರಾಕ್ಷಸನನ್ನು ಕಲ್ಯಾಣಿಗೆ ಕಳಿಸಿದೆ. ಪೀಠ ಖಾಲಿ ಬಿಟ್ಟೆ, ಬರೀ ಕಲ್ಲಿನ ಪೀಠ, ನಡುವೆ ಒಂದು ಗುಳಿ. ಆಡುವಾಗ ಎಲ್ಲರೂ ಜಾಸ್ತಿ ಹೆದರಿದ್ದು ಆ ಖಾಲಿ ಪೀಠಕ್ಕೇ, ಅದು ಬೇರೆ ವಿಷಯ. ಪ್ರಾಕಾರದ ಹೊರಗೆ ಒಂದು ಚೌಡಿ ಬನವನ್ನೂ ಹಾಕಿದೆ. ಗುಡಿ ಪಾಳು ಬಿದ್ದರೂ ಚೌಡಿಗೆ ಯಾರೋ ಬಂದು ದೀಪ ಇಡುತ್ತಾರೆ ಅನ್ನೋ ಹಾಗೆ, ಎರಡು ಹಣತೆ, ಒಂದಿಷ್ಟು ಕುಂಕುಮ.

ಶಿವಮೊಗ್ಗಕ್ಕೆ ವಾಪಸ್ ಬಂದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಆಶ್ಲೇಷಾ ಮಳೆ. ಇಲ್ಲಿಂದ ಮುಂದಿನದೆಲ್ಲ ಯಂತ್ರದ ಜೊತೆ ಗುದ್ದಾಟ.

ಮೊದಲನೆಯದು ಗಾತ್ರ. ಒಂದು ಚೌಕ ಒಂದು ಇಂಚು ಬರಬೇಕು, ಅಂದರೆ ಪ್ರಿಂಟ್ 40 ಇಂಚಿಗೆ 30. ಜಾಣನ ಹಾಗೆ ಇಂಚಿಗೆ 300 ಚುಕ್ಕಿ ಅಂತ ಹಾಕಿದೆ. ಚಿತ್ರ 12,000 ಚುಕ್ಕಿ ಅಡ್ಡ, 9,000 ಚುಕ್ಕಿ ಎತ್ತರ ಆಯಿತು. ಒಂದೊಂದು ತುಂಬಿದ ಲೇಯರ್‌ಗೆ ಸುಮಾರು 430 ಎಂಬಿ ನೆನಪು ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 8 ಜಿಬಿ. ಹದಿನೈದನೇ ಲೇಯರ್‌ಗೆ ಫ್ಯಾನ್ ರೈಸ್ ಮಿಲ್ಲಿನ ಹಾಗೆ ಕೂಗತೊಡಗಿತು. ಕುಂಚ ಎಳೆದರೆ ಗೆರೆ ಮೂರು ಸೆಕೆಂಡ್ ಬಿಟ್ಟು ಬರುತ್ತಿತ್ತು. ಒಂದು ರಾತ್ರಿ ಕರೆಂಟ್ ಹೋಯಿತು. ಬ್ಯಾಟರಿ ಮೊದಲೇ ಸತ್ತಿತ್ತು. ಕಲ್ಯಾಣಿಯ ಮೆಟ್ಟಿಲು ಪೂರ್ತಿ ಹೋದವು, ಮೂರು ಗಂಟೆಯ ಕೆಲಸ. ಕತ್ತಲಲ್ಲಿ ಸುಮ್ಮನೆ ಕೂತಿದ್ದೆ, ಅಳು ಬರುವ ಹಾಗಾಗಿತ್ತು.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹಾಕಿಸಿದೆ, 1,900 ರೂಪಾಯಿ. ಆಮೇಲೆ ಪ್ರಿಂಟ್ ಅಂಗಡಿಯಲ್ಲಿ ಕೇಳಿದರೆ "150 ಸಾಕು ಸರ್, ಫ್ಲೆಕ್ಸಿಗೆ ಅದೇ ಜಾಸ್ತಿ" ಅಂದರು. 150ಕ್ಕೆ ಇಳಿಸಿದರೆ ಪ್ರತಿ ಲೇಯರ್ ಕಾಲು ಭಾಗ ಆಗುತ್ತದೆ. ರ‍್ಯಾಮ್ ಬೇಕೇ ಇರಲಿಲ್ಲ. ದಯವಿಟ್ಟು ಬರೆಯೋಕೆ ಕೂರುವ ಮೊದಲು ಪ್ರಿಂಟ್ ಅಂಗಡಿಗೆ ಹೋಗಿ ಕೇಳಿ. ಹತ್ತು ನಿಮಿಷದ ಕೆಲಸ. ಹಾಗೇ, ಆಟೋಸೇವ್ ಐದು ನಿಮಿಷಕ್ಕೆ ಇಟ್ಟುಕೊಳ್ಳಿ.

ಎರಡನೆಯದು ಮರಗಳು. ಸಮಯ ಉಳಿಸೋಣ ಅಂತ ಮೇಲಿಂದ ನೋಡಿದ ಮರಗಳ ಒಂದು ಚಿತ್ರದ ಕಟ್ಟು ಕೊಂಡಿದ್ದೆ, 850 ರೂಪಾಯಿ. ಬಂದಿದ್ದು ಓಕ್, ಪೈನ್, ಮೇಪಲ್. ಆಗುಂಬೆ ಮಳೆಯಲ್ಲಿ ಪೈನ್ ಮರ! ಹೇಗೋ ಬಣ್ಣ ಬದಲಿಸಿ, ಎಲೆ ತಿದ್ದಿ ಬಳಸಿದೆ. ಅಷ್ಟರಲ್ಲಿ ಗೆಳೆಯನ ಪರಿಚಯದ ಬೆಂಗಳೂರಿನ ಒಂದು ತಂಡ ಅರ್ಧಂಬರ್ಧ ನಕ್ಷೆ ನೋಡಿ, ತಮ್ಮ ಪುಸ್ತಕಕ್ಕೆ ಕೊಡ್ತೀರಾ, ದುಡ್ಡು ಕೊಡ್ತೀವಿ ಅಂತ ಕೇಳಿದರು. ಆಗ ಆ ಕಟ್ಟಿನ ಲೈಸೆನ್ಸ್ ತೆಗೆದು ಓದಿದೆ. ಸ್ವಂತ ಬಳಕೆಗೆ ಮಾತ್ರ. ಮಾರುವ ಕೆಲಸದಲ್ಲಿ ಬಳಸುವ ಹಾಗಿಲ್ಲ, ತಿದ್ದಿದ್ದನ್ನೂ ಬಳಸುವ ಹಾಗಿಲ್ಲ. ತಪ್ಪು ಅವರದ್ದಲ್ಲ, ಕೊಳ್ಳುವ ಮೊದಲೇ ಅಲ್ಲಿ ಬರೆದಿತ್ತು, ಓದದೆ ಒತ್ತಿದವನು ನಾನು.

ಅರವತ್ತು ಚಿಲ್ಲರೆ ಮರ ಅಳಿಸಿದೆ. ಈ ಸಲ ನಾನೇ ಬರೆದೆ. ಹೆಬ್ಬಲಸು, ಧೂಪ, ಬೈನೆ, ಬಸರಿ, ನಡುನಡುವೆ ಬೆತ್ತದ ಪೊದೆ. ಬೈನೆ ಮರ ಮೇಲಿಂದ ಹೇಗೆ ಕಾಣುತ್ತದೆ ಅಂತ ಗೊತ್ತಿರಲಿಲ್ಲ. ಅದರ ಎಲೆ ಮೀನಿನ ಬಾಲದ ಹಾಗೆ ಹರಿದಿರುತ್ತದೆ, ಗರಿಗಳು ಸುತ್ತಲೂ ಚಾಚಿರುತ್ತವೆ. ಮೂರು ದಿನ ಆ ಒಂದು ಮರಕ್ಕೇ ಹೋಯಿತು. ಆದರೆ ನಕ್ಷೆ ನೋಡಿದ ಕೂಡಲೇ ಇದು ನಮ್ಮ ಕಾಡು ಅಂತ ಎಲ್ಲರೂ ಹೇಳಿದ್ದು ಆ ಮರದಿಂದಲೇ. ಒಂದು ಕೊಂಬೆಯಲ್ಲಿ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಹೂವನ್ನೂ ಬರೆದಿದ್ದೆ, ಯಾರಿಗೂ ಕಾಣಲಿಲ್ಲ. ಇರಲಿ, ನನಗೆ ಕಾಣುತ್ತದೆ.

ಮೂರನೆಯದು ಕನ್ನಡ ಅಕ್ಷರ. ಚೌಕಳಿ ಹಾಕೋದಕ್ಕೆ, ಹೆಸರು ಬರೆಯೋದಕ್ಕೆ ನಾನು ಬಳಸಿದ ನಕ್ಷೆಯ ತಂತ್ರಾಂಶದಲ್ಲಿ "ಪುಷ್ಕರಣಿ" ಅಂತ ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದುಕೊಳ್ಳುತ್ತಿತ್ತು. ಫಾಂಟ್ ಬದಲಿಸಿ ನೋಡಿದೆ, ಅದೇ ಕಥೆ. ತೊಂದರೆ ಫಾಂಟಿನದಲ್ಲ, ಒತ್ತಕ್ಷರ ಜೋಡಿಸುವ ವಿದ್ಯೆ ಆ ತಂತ್ರಾಂಶಕ್ಕೆ ಇಲ್ಲ. ಕೊನೆಗೆ ಇಂಕ್‌ಸ್ಕೇಪ್ ಅನ್ನೋ ಇನ್ನೊಂದು ತಂತ್ರಾಂಶದಲ್ಲಿ ಹೆಸರು ಬರೆದು, ಚಿತ್ರವಾಗಿ ಉಳಿಸಿ, ನಕ್ಷೆಯ ಮೇಲೆ ಅಂಟಿಸಿದೆ. ಅದೂ ಉಚಿತ. ತಿರೋ ಕನ್ನಡ ಫಾಂಟ್ ಈ ಥರದ ಹಳೆ ಕಾಲದ ನಕ್ಷೆಗೆ ಚೆನ್ನಾಗಿ ಒಪ್ಪುತ್ತದೆ, ಅದಕ್ಕೂ ದುಡ್ಡಿಲ್ಲ.

ಈಗ ಆ ಮೈ ಜುಂ ಅನ್ನುವ ವಿಷಯ. ಮೊದಲು ನಾನು ಕತ್ತಲೆ ಮಾಡಿದರೆ ಭಯ ಬರುತ್ತದೆ ಅಂದುಕೊಂಡಿದ್ದೆ. ಬರೀ ಕತ್ತಲೆ ಮಾಡಿದರೆ ಕಣ್ಣು ನೋಯುತ್ತದೆ. ಕೊನೆಗೆ ಮಾಡಿದ್ದು ಹೀಗೆ. ಇಡೀ ನಕ್ಷೆಯನ್ನು ಆಗಾಗ ಕಪ್ಪು-ಬಿಳುಪು ಮಾಡಿ ನೋಡಿದೆ. ನಡೆಯುವ ನೆಲ ತಿಳಿ, ಗೋಡೆ ಅದಕ್ಕಿಂತ ಕಡು, ಮರದ ನೆತ್ತಿ ಎಲ್ಲಕ್ಕಿಂತ ಕಡು. ಬಣ್ಣ ತೆಗೆದರೂ ಈ ಮೂರು ಬೇರೆ ಬೇರೆ ಕಂಡರೆ ಆಟಗಾರರಿಗೆ ದಾರಿ ಸಿಗುತ್ತದೆ. ನೆರಳಿಗೆ ಮಲ್ಟಿಪ್ಲೈ ಲೇಯರ್ (ಕೆಳಗಿನ ಬಣ್ಣವನ್ನು ಕಡು ಮಾಡುವಂಥದ್ದು), ಅದರಲ್ಲಿ ಕಪ್ಪಿನ ಬದಲು ಕಡು ನೀಲಿ. ಬೆಳಕು ನಕ್ಷೆಯ ಎಡ ಮೇಲಿನಿಂದ ಬರುವ ಹಾಗೆ ಇಟ್ಟೆ. ನಕ್ಷೆ ಬರೆಯುವವರ ರೂಢಿ ಅದು, ಉಲ್ಟಾ ಮಾಡಿದರೆ ಗುಂಡಿ ದಿಬ್ಬದ ಹಾಗೆ ಕಾಣುತ್ತದೆ. ಉತ್ತರ ಮೇಲಿರುವ ನಕ್ಷೆಯಲ್ಲಿ ಅದು ವಾಯುವ್ಯ. ಮಳೆಗಾಲದ ಸಂಜೆ ಸೂರ್ಯ ನಮ್ಮಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿಯೇ ಮುಳುಗುವುದರಿಂದ ಸುಳ್ಳೂ ಆಗಲಿಲ್ಲ.

ಮಂಜನ್ನು ಅಂಚಿಗೆ ಮಾತ್ರ ಬಿಟ್ಟೆ, ಒಂದು ಎಳೆ ಕಲ್ಯಾಣಿಯ ಮೇಲೆ. ಬಾಗಿಲಿಗೆ ಹೋಗುವ ದಾರಿಯಲ್ಲಿ ಜಂಬಿಟ್ಟಿಗೆ ಕಲ್ಲು ಹಾಸಿದೆ. ಅಷ್ಟು ಹಸಿರಿನಲ್ಲಿ ಆ ಕೆಂಪು ಒಂದೇ. ಯಾರೂ ಹೇಳದೇ ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಾಗಿಲು ಎಲ್ಲಿ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಕೊನೆಯ ಗಂಡಾಂತರ ಪ್ರಿಂಟ್. ಫ್ಲೆಕ್ಸ್ ಅಂಗಡಿಯ ಹುಡುಗ ಫೈಲ್ ತೆರೆದು, ತಲೆ ಓರೆ ಮಾಡಿ ನೋಡಿ, "ಫೋಟೋ ಎಲ್ಲಿ ಬರಬೇಕು ಸರ್?" ಅಂದ. ಯಾರ ಫೋಟೋನೂ ಇಲ್ಲ, ಇಷ್ಟೇ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಗಣಪತಿ ಹಬ್ಬ ಹತ್ತಿರ, ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಆರು ದಿನ ಕಾಯಬೇಕಾಯಿತು. 40 ಇಂಚಿಗೆ 30 ಅಂದರೆ ಎಂಟೂ ಕಾಲು ಚದರಡಿ ಚಿಲ್ಲರೆ. ಆದರೆ ಅವರು 4 ಅಡಿಗೆ 3 ಅಂತಲೇ ಲೆಕ್ಕ ಹಾಕುತ್ತಾರೆ, ಹನ್ನೆರಡು ಚದರಡಿ, ಚದರಡಿಗೆ 20, 240 ರೂಪಾಯಿ. ಉಳಿಯುವ ಜಾಗದಲ್ಲಿ ಆ ಮಾಡಿನ ಚೂರನ್ನು ಸೇರಿಸಿಕೊಳ್ಳಬಹುದು, ಸುಮ್ನೆ ಬಿಡಬೇಡಿ.

ಬಂದ ಪ್ರಿಂಟ್ ಬಿಚ್ಚಿದರೆ ಪೂರ್ತಿ ಕಪ್ಪು. ಕಲ್ಯಾಣಿ ಇಲ್ಲ, ಬನ ಇಲ್ಲ, ಹಸಿರೆಲ್ಲ ಕೆಸರು. ಅಂಗಡಿಯವರ ತಪ್ಪಲ್ಲ. ಪರದೆ ಬೆಳಕಿನಲ್ಲಿ ಬಣ್ಣ ತೋರಿಸುತ್ತದೆ, ಮೆಷಿನ್ ಶಾಯಿಯಲ್ಲಿ. ಪರದೆಯ ಎಷ್ಟೋ ಹಸಿರು ಶಾಯಿಯಲ್ಲಿ ಬರುವುದೇ ಇಲ್ಲ. ಮೇಲಾಗಿ ನಾನು ರಾತ್ರಿ ದೀಪ ಆರಿಸಿ, ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಬರೆದಿದ್ದೆ. ಮನೆಗೆ ಬಂದು, ಹಗಲು ಹೊತ್ತಿನಲ್ಲಿ ಪರದೆಯ ಬೆಳಕು ಅರ್ಧಕ್ಕೆ ಇಳಿಸಿ ನೋಡಿದೆ. ಅಂಗಡಿಯಲ್ಲಿ ಬಂದದ್ದೇ ಇಲ್ಲೂ ಕಂಡಿತು. ನೆರಳುಗಳನ್ನೆಲ್ಲ ತಿಳಿ ಮಾಡಿದೆ, ಹಸಿರಿಗೆ ಸ್ವಲ್ಪ ಹಳದಿ ಬೆರೆಸಿದೆ. ಈ ಸಲ ಜಾಣತನದಿಂದ ಒಂದು ಗೇಣಗಲದ ಪಟ್ಟಿ ಮಾತ್ರ ಸ್ಯಾಂಪಲ್ ಹೊಡೆಸಿದೆ, 40 ರೂಪಾಯಿ. ಸರಿ ಬಂತು. ಫ್ಲೆಕ್ಸ್ ಟ್ಯೂಬ್‌ಲೈಟ್ ಕೆಳಗೆ ಹೊಳೆಯುವುದರಿಂದ ಕೊನೆಯದನ್ನು ಮ್ಯಾಟ್ ವಿನೈಲ್‌ನಲ್ಲಿ ಮಾಡಿಸಿದೆ, 540.

ಖರ್ಚು ಕೇಳುವವರಿಗೆ: ರೈಲು, ಆಟೋಗೆ 380, ಪೆಟ್ರೋಲಿಗೆ 500, ಗ್ರಾಫ್ ಪುಸ್ತಕ, ಪೆನ್ಸಿಲ್‌ಗೆ 60. ಇದಕ್ಕೆ ಮರದ ಕಟ್ಟು, ರ‍್ಯಾಮ್, ಮೂರೂ ಪ್ರಿಂಟ್ ಸೇರಿ ಒಟ್ಟು 4,510. ಅದರಲ್ಲಿ ರ‍್ಯಾಮ್, ಮರ ಮತ್ತು ಮೊದಲ ಪ್ರಿಂಟ್ ನನ್ನ ದಡ್ಡತನದ ದಂಡ. ನೀವು ಮಾಡಿದರೆ ಒಂದೂವರೆ ಸಾವಿರದಲ್ಲಿ ಮುಗಿಯಬೇಕು. ಡ್ರಾಯಿಂಗ್ ಟ್ಯಾಬ್ಲೆಟ್ ತಂಗಿಯದು, ಅದಕ್ಕೆ ಲೆಕ್ಕ ಇಲ್ಲ, ಬದಲಿಗೆ ಅವಳ ಪ್ರಾಜೆಕ್ಟಿಗೆ ಚಿತ್ರ ಬರೆದುಕೊಡಬೇಕು.

ಬೆಂಗಳೂರಿನವರು ಇನ್ನೂ ಒಪ್ಪಂದದ ಕಾಗದ ಕಳಿಸಿಲ್ಲ. ಕಾಯುತ್ತಿದ್ದೇನೆ.

ಆ ಕಪ್ಪು ಫ್ಲೆಕ್ಸ್ ಬಿಸಾಡಲು ಮನಸ್ಸಾಗದೆ ಕಳೆದ ವಾರ ದೊಡ್ಡಪ್ಪನ ಮನೆಗೆ ಒಯ್ದಿದ್ದೆ. ಅತ್ತೆ ಬಿಚ್ಚಿ ನೋಡಿದರು. "ಆ ಪಿಶಾಚಿ ತೆಗೆದಿದೀಯಲ್ಲ?" ಅಂತ ಕೇಳಿ ಖಾತ್ರಿ ಮಾಡಿಕೊಂಡರು. ಈಗ ಅದು ಕೊಟ್ಟಿಗೆ ಪಕ್ಕದ ಸೌದೆ ರಾಶಿಯ ಮೇಲೆ, ಪಡುವಣ ಇರಚಲಿಗೆ ಅಡ್ಡವಾಗಿ ಕಟ್ಟಿದೆ.